ಮನೆಗೆಲ್ಲ ಒಂದು ಕಾರು, ಪಾಲಿಸಿಗೆ ಒಂದೇ ಹೆಸರು

ಮಕ್ಕಳೇ,

ಅಪ್ಪನ ಕಾರಿನ ಎರಡನೇ ಕೀಲಿ ಈಗ ನಿಮ್ಮ ಕೈಗೂ ಬಂದಿದೆ ಎಂದು ಕೇಳಿ ಸಂತೋಷವಾಯಿತು. ಗೇರ್ ಬದಲಿಸುವುದು, ಘಾಟಿಯ ತಿರುವಿನಲ್ಲಿ ಹಾರ್ನ್ ಮಾಡುವುದು, ಮಳೆಯಲ್ಲಿ ಬ್ರೇಕ್ ಒತ್ತುವುದು, ಇವನ್ನೆಲ್ಲ ಹೇಳಿಕೊಡುವವರು ಮನೆಯಲ್ಲೇ ಇದ್ದಾರೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಡಚಿಟ್ಟ ಪಾಲಿಸಿಯಲ್ಲಿ ಏನಿದೆ ಎಂದು ಹೇಳಿಕೊಡುವವರು ಮಾತ್ರ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಅದು ನನ್ನ ಪಾಲಿನ ಕೆಲಸ ಎಂದುಕೊಂಡು ಬರೆಯುತ್ತಿದ್ದೇನೆ. ವಾಹನ ವಿಮೆಯ ಕಚೇರಿಯಲ್ಲಿ ಕ್ಲೇಮು ಫೈಲುಗಳ ನಡುವೆಯೇ ತಲೆ ನೆರೆತವನು ನಾನು. ಅಪಘಾತವಾದ ಮೇಲೆ ಪಾಲಿಸಿ ಬಿಡಿಸಿ ಓದಲು ಕೂತ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ನಿಮ್ಮದು ಆ ಸಾಲಿಗೆ ಸೇರಬಾರದು.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಕಾರು ಮನೆಯವರೆಲ್ಲರದೂ ಆಗಿರಬಹುದು. ಆರ್‌ಸಿ ಮತ್ತು ಪಾಲಿಸಿ ಒಬ್ಬರದೇ. ನಿಮ್ಮ ಮನೆಯಲ್ಲಿ ಆ ಒಬ್ಬರು ಅಪ್ಪ. ನೀವೆಲ್ಲ ಕಾರನ್ನು ಹಂಚಿಕೊಂಡಿದ್ದೀರಿ ಎಂದ ಮಾತ್ರಕ್ಕೆ ಆ ಪಾಲಿಸಿಯ ರಕ್ಷಣೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಬಿಡಿಸಿ ಹೇಳುತ್ತೇನೆ, ನಿಧಾನವಾಗಿ ಓದಿ.

ಮೊದಲು ನೆಮ್ಮದಿಯ ಸಂಗತಿ. ನಮ್ಮ ದೇಶದಲ್ಲಿ ವಿಮೆ ಕಾರಿನ ಹಿಂದೆ ಹೋಗುತ್ತದೆ, ಓಡಿಸುವವರ ಹಿಂದೆ ಅಲ್ಲ. ಪಾಲಿಸಿಯಲ್ಲಿ ‘ಡ್ರೈವರ್ಸ್ ಕ್ಲಾಜ್’ ಎಂಬ ನಾಲ್ಕು ಸಾಲು ಇರುತ್ತದೆ. ಅದರ ಸಾರ ಇಷ್ಟು: ವಿಮೆ ಮಾಡಿಸಿದವರೂ ಸೇರಿದಂತೆ ಯಾರು ಬೇಕಾದರೂ ಕಾರನ್ನು ಓಡಿಸಬಹುದು, ಆದರೆ ಓಡಿಸುವ ಹೊತ್ತಿಗೆ ಅವರ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು. ಹಾಗಾಗಿ ಅಕ್ಕ ಓಡಿಸಲಿ, ತಮ್ಮ ಓಡಿಸಲಿ, ಮಾವ ಓಡಿಸಲಿ, ಒಬ್ಬೊಬ್ಬರ ಹೆಸರನ್ನೂ ಕಂಪನಿಗೆ ಮೊದಲೇ ಬರೆದುಕೊಡಬೇಕಾಗಿಲ್ಲ. ಮನೆಯಲ್ಲಿ ಹದಿನೆಂಟರ ಹುಡುಗ ಡಿಎಲ್ ಮಾಡಿಸಿದ ಎಂದು ಥರ್ಡ್ ಪಾರ್ಟಿ ಪ್ರೀಮಿಯಂ ಏರುವುದೂ ಇಲ್ಲ. ಅದನ್ನು ಕಾರಿನ ಎಂಜಿನ್ನಿನ ಸಿಸಿ ನೋಡಿ ಸರ್ಕಾರ ನಿಗದಿ ಮಾಡುತ್ತದೆ. ಅಮೆರಿಕದಲ್ಲಿರುವ ನಿಮ್ಮ ಅಣ್ಣನ ಕಥೆ ಬೇರೆ. ಅಲ್ಲಿ ಸಾಮಾನ್ಯವಾಗಿ ಒಂದೇ ಮನೆಯಲ್ಲಿರುವ, ಲೈಸೆನ್ಸ್ ಇರುವವರನ್ನೆಲ್ಲ ಪಾಲಿಸಿಯಲ್ಲಿ ತೋರಿಸಬೇಕು, ಅವರ ವಯಸ್ಸು ಮತ್ತು ಹಳೆಯ ಅಪಘಾತಗಳನ್ನು ನೋಡಿ ಪ್ರೀಮಿಯಂ ನಿಗದಿ ಮಾಡುತ್ತಾರೆ. ಅವನ ಸಲಹೆಯನ್ನು ಇಲ್ಲಿಗೆ ಹಚ್ಚಬೇಡಿ, ನನ್ನದನ್ನು ಅಲ್ಲಿಗೆ ಕಳಿಸಬೇಡಿ.

ಇನ್ನು ಒಂದು ಅಪಘಾತದಲ್ಲಿ ನಷ್ಟಕ್ಕೆ ಗುರಿಯಾಗುವವರು ಯಾರು ಯಾರು ಎಂದು ನೋಡಿ. ನಾವು ಗುದ್ದಿದ ಹೊರಗಿನವರು, ನಮ್ಮ ಕಾರು, ಕಾರಿನಲ್ಲಿ ಕೂತವರು, ಸ್ಟೇರಿಂಗ್ ಹಿಡಿದವರು. ಈ ನಾಲ್ಕಕ್ಕೂ ನಿಯಮ ಬೇರೆ ಬೇರೆ.

ಹೊರಗಿನವರಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಸಾವು ಮತ್ತು ಗಾಯಕ್ಕೆ ಇಷ್ಟೇ ಎಂಬ ಮಿತಿ ಇಲ್ಲ, ಮೋಟಾರು ಅಪಘಾತ ಪರಿಹಾರದ ಟ್ರಿಬ್ಯುನಲ್ ಹೇಳಿದಷ್ಟನ್ನೂ ಕಂಪನಿ ಕಟ್ಟಬೇಕು. ಅವರ ಆಸ್ತಿಗೆ ಆದ ಹಾನಿಗೆ ಮಾತ್ರ 7.5 ಲಕ್ಷ ರೂಪಾಯಿಯ ಮಿತಿ ಇದೆ. ಆದರೆ ಓಡಿಸುತ್ತಿದ್ದವರಿಗೆ ಡಿಎಲ್ ಇರಲಿಲ್ಲ ಎಂದಾದರೆ ಲೆಕ್ಕ ತಿರುಗಿಬೀಳುತ್ತದೆ. ಕೋರ್ಟು ಎಷ್ಟೋ ಪ್ರಕರಣಗಳಲ್ಲಿ ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ’ ಎಂದು ಆದೇಶಿಸುತ್ತದೆ. ಮಾಲೀಕರು ಎಂದರೆ ಆರ್‌ಸಿಯಲ್ಲಿ ಹೆಸರಿರುವವರು, ನಿಮ್ಮಪ್ಪ. ತಪ್ಪು ಯಾರದಾದರೂ ವಸೂಲಿಯ ನೋಟಿಸು ಬರುವುದು ಅವನ ಹೆಸರಿಗೆ.

ಆದ್ದರಿಂದ ಕೀಲಿ ಕೊಡುವ ಮೊದಲು ಡಿಎಲ್ ಕೇಳಲು ಸಂಕೋಚ ಬೇಡ. 2011ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದೇ ಒಂದು ಪ್ರಕರಣ ಬಂತು. ಸಂಬಂಧಿಕರ ಹುಡುಗ, ಇನ್ನೂ ಅಪ್ರಾಪ್ತ, ಮನೆಗೆ ಬಂದವನು ಬೈಕಿನ ಕೀಲಿ ತೆಗೆದುಕೊಂಡು ಹೋಗಿ ಅಪಘಾತ ಮಾಡಿದ್ದ. ‘ನನಗೆ ಗೊತ್ತೇ ಇರಲಿಲ್ಲ’ ಎಂದ ಮಾಲೀಕರ ವಾದ ನಿಲ್ಲಲಿಲ್ಲ. ಕಂಪನಿ ಕೊಟ್ಟ ಪರಿಹಾರವನ್ನು ಅವರಿಂದ ವಸೂಲು ಮಾಡಬಹುದು ಎಂದೇ ಆಯಿತು. 2019ರ ತಿದ್ದುಪಡಿಯ ನಂತರ ಕಾನೂನು ಇನ್ನೂ ಬಿಗಿಯಾಗಿದೆ. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕಾರಿನ ನೋಂದಣಿ 12 ತಿಂಗಳು ರದ್ದು. ಓಡಿಸಿದ ಅಪ್ರಾಪ್ತರಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ. ಚಿಕ್ಕಮ್ಮನ ಮಗ ‘ಲೇಔಟಿನೊಳಗೆ ಒಂದೇ ಒಂದು ರೌಂಡು’ ಎಂದು ಅಂಗಲಾಚಿದರೂ ಕೀಲಿ ಕೊಡಬೇಡಿ. ಕೀಲಿಯನ್ನು ಹಜಾರದ ಮೊಳೆಗೆ ನೇತುಹಾಕುವ ಅಭ್ಯಾಸವನ್ನೂ ಬಿಡಿ.

ಎಲ್‌ಎಲ್ (ಕಲಿಕಾ ಲೈಸೆನ್ಸ್) ಇರುವವರು ಓಡಿಸಬಹುದು, ಆದರೆ ಹಿಂದೆ ಮುಂದೆ ‘ಎಲ್’ ಬೋರ್ಡು ಇರಬೇಕು, ಪಕ್ಕದಲ್ಲಿ ಡಿಎಲ್ ಇರುವವರು ಕಲಿಸುತ್ತ ಕೂತಿರಬೇಕು. ಡಿಎಲ್ ಅವಧಿ ಮುಗಿದಿದ್ದರೆ ಇದ್ದೂ ಇಲ್ಲದಂತೆ. ದಸರೆಗೆ ಬರುವ ಅಮೆರಿಕದ ಅಣ್ಣನ ವಿಷಯದಲ್ಲಿ ಇದನ್ನೇ ಗಮನಿಸಿ. ಇಲ್ಲಿಂದ ಹೋಗುವಾಗ ಮಾಡಿಸಿಕೊಂಡಿದ್ದ ಅವನ ಡಿಎಲ್ ಇನ್ನೂ ಚಾಲ್ತಿಯಲ್ಲಿದೆಯೇ, ಇಲ್ಲದಿದ್ದರೆ ಅಲ್ಲಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತಂದಿದ್ದಾನೆಯೇ ಎಂದು ಕೇಳದೆ ಸ್ಟೇರಿಂಗ್ ಬಿಟ್ಟುಕೊಡಬೇಡಿ. ಇಪ್ಪತ್ತು ವರ್ಷ ಓಡಿಸಿದ ಅನುಭವ ಇದೆ ಎಂಬುದು ಕ್ಲೇಮಿನ ಮೇಜಿನ ಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯದು ನಮ್ಮ ಕಾರು. ಇದಕ್ಕೆ ‘ಓನ್ ಡ್ಯಾಮೇಜ್’ ವಿಮೆ ಬೇಕು. ಇಲ್ಲೊಂದು ಕಡೆ ಬಹಳ ಮನೆಗಳು ಎಡವುತ್ತವೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಮಾಡಿಸಬೇಕೆಂಬ ನಿಯಮ ಬಂದಿದೆ. ‘ಮೂರು ವರ್ಷದ ಇನ್ಶೂರೆನ್ಸ್ ಆಗಿದೆ’ ಎಂದು ಎಲ್ಲರೂ ನಿಶ್ಚಿಂತರಾಗಿರುತ್ತಾರೆ. ಆದರೆ ಓನ್ ಡ್ಯಾಮೇಜ್ ಭಾಗ ಹೆಚ್ಚಾಗಿ ಒಂದೇ ವರ್ಷದ್ದಾಗಿರುತ್ತದೆ. ನೆನಪಿಸುವ ಎಸ್‌ಎಂಎಸ್ ಅಪ್ಪನ ಮೊಬೈಲಿಗೆ ಬರುತ್ತದೆ, ಅವನು ಮಗಳು ಕಟ್ಟಿದ್ದಾಳೆ ಎಂದುಕೊಳ್ಳುತ್ತಾನೆ, ಮಗಳು ಅಪ್ಪ ಕಟ್ಟಿರುತ್ತಾರೆ ಎಂದುಕೊಳ್ಳುತ್ತಾಳೆ. ಎಲ್ಲರದೂ ಆದದ್ದು ಯಾರ ಹೊಣೆಯೂ ಆಗದೆ ಉಳಿಯುವುದು ಹೀಗೆ. ರಿನ್ಯೂವಲ್ ನೋಡಿಕೊಳ್ಳುವವರು ಇಂಥವರೇ ಎಂದು ಮನೆಯಲ್ಲಿ ತೀರ್ಮಾನಿಸಿ.

ಕಾರಿನ ವಿಷಯದಲ್ಲೇ ಇನ್ನೊಂದು ಲೆಕ್ಕ, ನೋ ಕ್ಲೇಮ್ ಬೋನಸ್. ಕ್ಲೇಮು ಮಾಡದ ಮೊದಲ ವರ್ಷಕ್ಕೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ 20 ರಿಯಾಯಿತಿ, ಆಮೇಲೆ 25, 35, 45, ಐದು ವರ್ಷ ತುಂಬಿದರೆ ಶೇ 50. ಈ ಬೋನಸ್ ಕಾರಿನದಲ್ಲ, ಓಡಿಸುವವರದೂ ಅಲ್ಲ, ವಿಮೆ ಮಾಡಿಸಿದವರದು. ಪಾರ್ಕಿಂಗಿನಲ್ಲಿ ಬಂಪರ್ ಉಜ್ಜಿಕೊಂಡು ತಮ್ಮ ಬಂದ ಎನ್ನಿ. ಗ್ಯಾರೇಜಿನ ಬಿಲ್ಲು 6,000 ರೂಪಾಯಿ. ಅದರಲ್ಲಿ 1,000 ರೂಪಾಯಿಯನ್ನು ನಾವೇ ಭರಿಸಬೇಕು (1500 ಸಿಸಿ ಮೀರಿದ ಕಾರಾದರೆ 2,000), ಕಂಪನಿಯಿಂದ ಬರುವುದು ಹೆಚ್ಚೆಂದರೆ 5,000. ಅಪ್ಪನ ಓನ್ ಡ್ಯಾಮೇಜ್ ಪ್ರೀಮಿಯಂ ಬೋನಸ್ಸಿಗೆ ಮುಂಚೆ 14,000 ಇದ್ದು, ಶೇ 50ರ ರಿಯಾಯಿತಿ ಇತ್ತು ಎಂದರೆ, ಈ ಒಂದು ಕ್ಲೇಮಿನಿಂದ ಮುಂದಿನ ವರ್ಷ ಅವನು 7,000 ಹೆಚ್ಚು ಕಟ್ಟಬೇಕು, ಅದರ ಮರುವರ್ಷ ಮತ್ತೆ ಶೇ 20ರಿಂದ ಹತ್ತಲು ಶುರು ಮಾಡಬೇಕು. ಉಜ್ಜಿದವನು ಒಬ್ಬ, ಐದು ವರ್ಷದ ಗಳಿಕೆ ಕಳೆದುಕೊಂಡವನು ಇನ್ನೊಬ್ಬ. ಸಣ್ಣಪುಟ್ಟ ಗೀರಿಗೆ ಕ್ಲೇಮು ಹಾಕುವ ಮೊದಲು ಅಪ್ಪನನ್ನು ಕೇಳಿ. ದುಡಿಯುವ ಮಗಳು ನೀನು, ನಿನ್ನ ಕೈಯಿಂದ ಆದ ಗೀರಿನ ಬಿಲ್ಲನ್ನು ನೀನೇ ಕಟ್ಟಿದರೆ ಅದು ಮರ್ಯಾದೆಯೂ ಹೌದು, ಉಳಿತಾಯವೂ ಹೌದು. ದೊಡ್ಡ ಹಾನಿಯಾದಾಗ ಮಾತ್ರ ಬೋನಸ್ಸಿನ ಆಸೆಗೆ ಬಿದ್ದು ಕ್ಲೇಮು ಬಿಡಬೇಡಿ. ಪಾಲಿಸಿ ಮುಗಿದು 90 ದಿನದೊಳಗೆ ರಿನ್ಯೂ ಮಾಡದಿದ್ದರೂ ಬೋನಸ್ ಹೋಗುತ್ತದೆ ಎಂಬುದನ್ನೂ ನೆನಪಿಡಿ.

ಕೀಲಿಗಳ ವಿಷಯ ಹೇಳಿಬಿಡುತ್ತೇನೆ. ಕಾರು ಕಳುವಾದರೆ ಕಂಪನಿ ಎರಡೂ ಕೀಲಿ ಕೇಳುತ್ತದೆ. ಹಂಚಿಕೊಂಡ ಕಾರಿನ ಒಂದು ಕೀಲಿ ಮೈಸೂರಿನಲ್ಲಿ, ಇನ್ನೊಂದು ಯಾವುದೋ ಹಾಸ್ಟೆಲ್ಲಿನ ಡ್ರಾಯರಿನಲ್ಲಿ, ಅದೂ ಕಳೆದು ವರ್ಷವಾಗಿರುತ್ತದೆ. ಕೀಲಿ ಕಳೆದರೆ ಅಂದೇ ಮನೆಯಲ್ಲಿ ಹೇಳಿ, ದೂರು ದಾಖಲಿಸಿ ಅದರ ಪ್ರತಿ ಇಟ್ಟುಕೊಳ್ಳಿ. ಹಾಗೆಯೇ ಸ್ನೇಹಿತನ ಮದುವೆಗೆ, ಧರ್ಮಸ್ಥಳದ ಪ್ರವಾಸಕ್ಕೆ ಎಂದು ದುಡ್ಡು ಪಡೆದು ಈ ಕಾರನ್ನು ಬಿಡಬೇಡಿ. ವೈಟ್ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಓಡಿಸಿದ್ದು ಗೊತ್ತಾದರೆ ಕ್ಲೇಮು ನಿಲ್ಲುವುದಿಲ್ಲ.

ಮೂರನೆಯದು, ಕಾರಿನೊಳಗೆ ಕೂತವರು. ಅಜ್ಜಿ, ಅತ್ತೆ, ಮಕ್ಕಳು. ಹಳೆಯ ಕಾರಾಯಿತು, ಇನ್ನೇಕೆ ಫುಲ್ ಇನ್ಶೂರೆನ್ಸ್ ಎಂದು ಬರೀ ಥರ್ಡ್ ಪಾರ್ಟಿ ಮಾಡಿಸುವ ರೂಢಿ ನಮ್ಮಲ್ಲಿದೆ. ಉಳಿಸುವುದು ಕೆಲವು ಸಾವಿರ. ಆದರೆ ಖಾಸಗಿ ಕಾರಿನಲ್ಲಿ ಸುಮ್ಮನೆ ಜೊತೆಗೆ ಬಂದವರು ಬರೀ ಥರ್ಡ್ ಪಾರ್ಟಿ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ಫುಲ್ ಇನ್ಶೂರೆನ್ಸ್, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಕಾರಿನಲ್ಲಿ ಕೂತವರಿಗೂ ರಕ್ಷಣೆ ಇದೆ. 2009ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ಸ್ಪಷ್ಟಪಡಿಸಿತು, 2012ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಕಾರು ಹಳೆಯದಾಗಿ ಅದರ ಬೆಲೆ ಇಳಿಯಬಹುದು, ಅದರಲ್ಲಿ ಕೂರುವವರ ಬೆಲೆ ಇಳಿಯುವುದಿಲ್ಲ. ಮನೆಮಂದಿಯೆಲ್ಲ ತಿರುಗಾಡುವ ಕಾರಿಗೆ ಪ್ಯಾಕೇಜ್ ಪಾಲಿಸಿಯನ್ನೇ ಮಾಡಿಸಿ.

ಈಗ ನಾಲ್ಕನೆಯದು, ನಾನು ಈ ಪತ್ರ ಬರೆಯಲು ಕೂತ ಮುಖ್ಯ ಕಾರಣ. ಸ್ಟೇರಿಂಗ್ ಹಿಡಿದಿರುವ ನೀವು. ಗುದ್ದಿಸಿಕೊಂಡವರಿಗೆ ಪರಿಹಾರ ಇದೆ, ಕಾರಿಗೆ ಇದೆ, ಪಕ್ಕದಲ್ಲಿ ಕೂತವರಿಗೂ ಇದೆ. ಅಪ್ಪನ ಕಾರು ಓಡಿಸುವ ಮಗಳಿಗೆ, ಮಗನಿಗೆ, ತಮ್ಮ ತಪ್ಪಿನಿಂದಲೇ ಅಪಘಾತವಾದರೆ ಆ ಪಾಲಿಸಿಯಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಅದನ್ನು ಬಹಳ ಮನೆಗಳು ತಿಳಿಯುವುದು ದುರಂತದ ನಂತರ.

‘ಕಡ್ಡಾಯ ಪರ್ಸನಲ್ ಆಕ್ಸಿಡೆಂಟ್ ಕವರ್, 15 ಲಕ್ಷ’ ಎಂದು ಪಾಲಿಸಿಯಲ್ಲಿ ಬರೆದಿರುತ್ತದಲ್ಲ, ಅದರ ಪಕ್ಕದಲ್ಲೇ ‘ಓನರ್-ಡ್ರೈವರ್’ ಎಂದೂ ಇರುತ್ತದೆ. ಆ ಹಣ ಸಿಗಲು ಮೂರು ಷರತ್ತು. ಓಡಿಸುತ್ತಿದ್ದವರು ಕಾರಿನ ನೋಂದಾಯಿತ ಮಾಲೀಕರಾಗಿರಬೇಕು, ಪಾಲಿಸಿ ಅವರ ಹೆಸರಿನಲ್ಲೇ ಇರಬೇಕು, ಅವರಿಗೆ ಡಿಎಲ್ ಇರಬೇಕು. ಹೆಂಡತಿಯ ಹೆಸರಿನಲ್ಲಿ ಕಾರು ಕೊಂಡು ಗಂಡ ಓಡಿಸುವ ಮನೆಗಳಲ್ಲಿ, ಆಕೆಗೆ ಡಿಎಲ್ ಇಲ್ಲದಿದ್ದರೆ, ಈ ಕವರ್ ಇಬ್ಬರಿಗೂ ಅನ್ವಯಿಸುವುದಿಲ್ಲ. ಹೀಗೆಯೇ ತಮ್ಮ ಹೆಸರಿನ ಕಾರನ್ನು ಮಗ ಓಡಿಸುತ್ತಿದ್ದ ಒಬ್ಬ ತಾಯಿ ನಮ್ಮ ಕಚೇರಿಗೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಿಂದ ಆರ್‌ಸಿ, ಪಾಲಿಸಿ, ಮಗನ ಡಿಎಲ್, ಡೆತ್ ಸರ್ಟಿಫಿಕೇಟು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಜೋಡಿಸಿದರು. ಎಲ್ಲವೂ ಅಚ್ಚುಕಟ್ಟಾಗಿತ್ತು, ಒಂದು ದಿನವೂ ಪ್ರೀಮಿಯಂ ತಪ್ಪಿಸಿರಲಿಲ್ಲ. ಆದರೆ ಆರ್‌ಸಿ, ಪಾಲಿಸಿ, ಡಿಎಲ್ ಮೂರರ ಮೇಲೆ ಎರಡು ಹೆಸರಿತ್ತು. ‘ನನ್ನ ಮಗನೇ ಅಲ್ಲವೇ ಸ್ವಾಮಿ?’ ಎಂದು ಕೇಳಿದರು. ಅದಕ್ಕೆ ಕೊಡಲು ಪಾಲಿಸಿಯಲ್ಲಿ ಉತ್ತರ ಇರಲಿಲ್ಲ.

ಕೋರ್ಟಿಗೆ ಹೋದರೂ ಇದೇ. 2009ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣ ನಮ್ಮ ಇಳಕಲ್ ಕಡೆಯದು. ಒಬ್ಬರು ಬೇರೆಯವರ ಬೈಕನ್ನು ಪಡೆದು ಊರಿಗೆ ಹೊರಟಿದ್ದರು. ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಥಟ್ಟನೆ ನಿಂತಿತು, ಬೈಕು ಅದಕ್ಕೆ ಬಡಿದು ಅವರು ತೀರಿಕೊಂಡರು. ವಾಹನವನ್ನು ಕೇಳಿ ಪಡೆದು ಓಡಿಸುವವರು ಮಾಲೀಕರ ಸ್ಥಾನದಲ್ಲೇ ನಿಲ್ಲುತ್ತಾರೆ, ಆದ್ದರಿಂದ ತಪ್ಪು ಯಾರದೆಂದು ಸಾಬೀತು ಮಾಡದೆ ಪರಿಹಾರ ಪಡೆಯಬಹುದಾಗಿದ್ದ ಸೆಕ್ಷನ್ನಿನಡಿ ಅವರ ಕುಟುಂಬ ಕೇಳುವಂತಿಲ್ಲ ಎಂದು ಕೋರ್ಟು ಹೇಳಿತು. ಇನ್ನೊಂದು ಅರಸೀಕೆರೆ ಬಳಿಯದು. 2014ರಲ್ಲಿ ಒಬ್ಬರು ತಂದೆ, ಸೋದರಿ, ಮಕ್ಕಳನ್ನು ಕೂರಿಸಿಕೊಂಡು ಕಾರು ಓಡಿಸುತ್ತಿದ್ದಾಗ ಅದು ಮಗುಚಿತು. ಓಡಿಸುತ್ತಿದ್ದವರು ತೀರಿಕೊಂಡರು. ಕಾರು ಅವರ ಸ್ವಂತದ್ದಲ್ಲ. ಅಪಘಾತಕ್ಕೆ ಅವರ ಅತಿವೇಗ, ಅಜಾಗರೂಕತೆಯೇ ಕಾರಣ ಎಂದು ಪೊಲೀಸರ ದಾಖಲೆಯಲ್ಲಿತ್ತು. ಕುಟುಂಬ 80 ಲಕ್ಷ ರೂಪಾಯಿ ಪರಿಹಾರ ಕೇಳಿತ್ತು. ಟ್ರಿಬ್ಯುನಲ್ಲಿನಲ್ಲಿ ಸಿಗಲಿಲ್ಲ, ಹೈಕೋರ್ಟಿನಲ್ಲಿ ಸಿಗಲಿಲ್ಲ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಮಧ್ಯಪ್ರವೇಶಿಸಲಿಲ್ಲ.

ಹೆದರಿಸಲು ಇದನ್ನು ಹೇಳುತ್ತಿಲ್ಲ. ತಪ್ಪು ಎದುರಿನ ವಾಹನದ್ದಾದರೆ ಅದರ ವಿಮೆಯಿಂದ ಪರಿಹಾರ ಕೇಳುವ ಹಕ್ಕು ನಿಮಗೆ ಇದ್ದೇ ಇದೆ. ನಮ್ಮದೇ ತಪ್ಪಿದ್ದಾಗ, ಅಥವಾ ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಕಾರು ಹಳ್ಳಕ್ಕೆ ಬಿದ್ದಾಗ, ಮನೆಯ ಪಾಲಿಸಿ ಕೈ ಹಿಡಿಯುವುದಿಲ್ಲ ಎಂಬುದನ್ನು ತಿಳಿದುಕೊಂಡು ನಿಮ್ಮ ರಕ್ಷಣೆಯನ್ನು ನೀವೇ ಮಾಡಿಕೊಳ್ಳಿ. ದುಬಾರಿಯೇನೂ ಅಲ್ಲ. ಸ್ವಂತ ಹೆಸರಿನಲ್ಲಿ ಒಂದು ಪರ್ಸನಲ್ ಆಕ್ಸಿಡೆಂಟ್ ಪಾಲಿಸಿ ಮಾಡಿಸಿ. ಯಾರ ಕಾರಾದರೂ, ಬಸ್ಸಾದರೂ, ನಡೆದು ಹೋಗುವಾಗಲಾದರೂ ಅದು ನಿಮ್ಮ ಜೊತೆಗಿರುತ್ತದೆ. 2021ರ ಏಪ್ರಿಲ್‌ನಿಂದ ‘ಸರಳ ಸುರಕ್ಷಾ ಬಿಮಾ’ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಕಂಪನಿಗಳು ಕೊಡುತ್ತಿವೆ, 2.5 ಲಕ್ಷದಿಂದ 1 ಕೋಟಿಯವರೆಗೆ. ಬ್ಯಾಂಕ್ ಖಾತೆಯ ಮೂಲಕ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ, ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 18ರಿಂದ 70 ವರ್ಷದವರಿಗೆ. ಅದೊಂದೇ ಸಾಲದು, ಆದರೆ ಮನೆಯಲ್ಲಿ ಯಾರಿಗೂ ಅದು ಇಲ್ಲದಂತೆ ಆಗಬಾರದು.

ಕಾರನ್ನು ದಿನವೂ ಓಡಿಸುವುದು ಮಗಳೇ ಎಂದಾದರೆ, ಕಾರನ್ನು ಅವಳ ಹೆಸರಿಗೇ ಮಾಡಿಸುವುದು ಇನ್ನೂ ಒಳ್ಳೆಯದು. ಬಾಯಿಮಾತಿನಲ್ಲಿ ‘ಇನ್ನು ನಿನ್ನದೇ’ ಎಂದರೆ ಆಗುವುದಿಲ್ಲ. ಫಾರಂ 29 ಮತ್ತು 30 ತುಂಬಿ ಆರ್‌ಟಿಒದಲ್ಲಿ ಹೆಸರು ಬದಲಾಗಬೇಕು, 14 ದಿನದೊಳಗೆ ವಿಮಾ ಕಂಪನಿಗೂ ತಿಳಿಸಬೇಕು. ಥರ್ಡ್ ಪಾರ್ಟಿ ವಿಮೆ ಕಾರಿನ ಜೊತೆ ತಾನಾಗಿ ಹೋಗುತ್ತದೆ, ಓನ್ ಡ್ಯಾಮೇಜ್ ಹಾಗೆ ಹೋಗುವುದಿಲ್ಲ. ಅಪ್ಪನ ಬೋನಸ್ ಅಪ್ಪನ ಬಳಿಯೇ ಉಳಿಯುತ್ತದೆ. ಅವನು ಮೂರು ವರ್ಷದೊಳಗೆ ಬೇರೆ ಕಾರು ಕೊಂಡರೆ ಅದಕ್ಕೆ ಬಳಸಿಕೊಳ್ಳಬಹುದು.

ಹೇಳಲು ಕಷ್ಟವಾದರೂ ಹೇಳಲೇಬೇಕಾದ ಮಾತೊಂದಿದೆ. ಆರ್‌ಸಿಯಲ್ಲಿ ಹೆಸರಿರುವ ಹಿರಿಯರು ತೀರಿಹೋದರೆ ಕಾರು ಹಿಂದಿನಂತೆಯೇ ಓಡುತ್ತಿರುತ್ತದೆ, ಕಾಗದದ ಕಡೆ ಯಾರೂ ನೋಡುವುದಿಲ್ಲ. ದುಃಖದ ನಡುವೆಯೂ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಪಾಲಿಸಿಯೂ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಇರುತ್ತದೆ. ನೋ ಕ್ಲೇಮ್ ಬೋನಸ್ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಈ ಸಂದರ್ಭದಲ್ಲಿ, ಕಾರು ವಾರಸುದಾರರಿಗೆ ಬಂದಾಗ. 2021ರಿಂದ ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸುವ ಅವಕಾಶ ಬಂದಿದೆ. ಅಪ್ಪ ಗಟ್ಟಿಮುಟ್ಟಾಗಿರುವಾಗಲೇ ಮಾಡಿಸಿಬಿಡಿ, ಅಪಶಕುನ ಎಂದುಕೊಳ್ಳಬೇಡಿ.

ಕೊನೆಯದು ಕಾನೂನಿಗಿಂತ ದೊಡ್ಡ ಮಾತು. ಕ್ಲೇಮು ಫಾರಂನಲ್ಲಿ ಒಂದು ಕಾಲಂ ಇರುತ್ತದೆ: ಅಪಘಾತದ ವೇಳೆ ಓಡಿಸುತ್ತಿದ್ದವರ ಹೆಸರು, ಡಿಎಲ್ ನಂಬರು, ಮಾಲೀಕರಿಗೆ ಏನಾಗಬೇಕು. ಆ ಕಾಲಂ ತುಂಬುವಾಗ ಪ್ರೀತಿಯೇ ಮನೆಯವರನ್ನು ದಾರಿ ತಪ್ಪಿಸುತ್ತದೆ. ಡಿಎಲ್ ಇಲ್ಲದ ಮಗನನ್ನು ಉಳಿಸಲು ಅಪ್ಪ ‘ನಾನೇ ಓಡಿಸುತ್ತಿದ್ದೆ’ ಎಂದು ಬರೆಯುತ್ತಾನೆ. ಬಂಧುಗಳೂ ಹಾಗೇ ಬರೆಸಲು ಹೇಳಿಕೊಡುತ್ತಾರೆ. ಆದರೆ ಆಸ್ಪತ್ರೆಯ ಮೆಡಿಕೋ-ಲೀಗಲ್ ದಾಖಲೆಯಲ್ಲಿ (ಎಂಎಲ್‌ಸಿ), ಎಫ್‌ಐಆರ್‌ನಲ್ಲಿ, ರಸ್ತೆಯ ಕ್ಯಾಮೆರಾದಲ್ಲಿ, ಟೋಲ್ ಗೇಟಿನಲ್ಲಿ ಸತ್ಯ ಬೇರೆಯೇ ದಾಖಲಾಗಿರುತ್ತದೆ. ಹೇಳಿಕೆಗಳು ಹೊಂದದಿದ್ದರೆ ಸಿಗಬೇಕಾದ ಕ್ಲೇಮೂ ಹೋಗುತ್ತದೆ, ಸುಳ್ಳು ಹೇಳಿದ ಅಪ್ಪ ಪೊಲೀಸರ ಮುಂದೆ ನಿಲ್ಲಬೇಕಾಗುತ್ತದೆ. ಅದೆಲ್ಲದರ ಆಚೆಗೆ, ಗುದ್ದಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಿರುವವರೂ ಒಂದು ಮನೆಯವರೇ. ಅವರಿಗೆ ನ್ಯಾಯವಾಗಿ ಸಿಗಬೇಕಾದದ್ದು ನಮ್ಮ ಸುಳ್ಳಿನಿಂದ ವರ್ಷಗಟ್ಟಲೆ ಕೋರ್ಟಿನಲ್ಲಿ ಎಳೆದಾಡಬಾರದು. ಏನೇ ಆದರೂ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ನಂತರ ಪೊಲೀಸರಿಗೆ ಮತ್ತು ಕಂಪನಿಗೆ ತಿಳಿಸಿ, ಯಾರು ಓಡಿಸುತ್ತಿದ್ದರೋ ಅವರ ಹೆಸರನ್ನೇ ಬರೆಯಿರಿ. ಅಪ್ಪ ಬೇರೆ ಹೆಸರು ಬರೆಯಲು ಹೊರಟರೆ ಪೆನ್ನು ತಡೆಯಬೇಕಾದವರು ನೀವು. ಅಪ್ಪನ ಮೇಲಿನ ಪ್ರೀತಿಯನ್ನು ತೋರಿಸಬೇಕಾದ ರೀತಿ ಅದು.

ಈ ಭಾನುವಾರ ಎಲ್ಲರೂ ಮನೆಯಲ್ಲಿರುವಾಗ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಆರ್‌ಸಿ, ಪಾಲಿಸಿ, ಓಡಿಸುವ ಪ್ರತಿಯೊಬ್ಬರ ಡಿಎಲ್ ಮೇಜಿನ ಮೇಲೆ ಇಡಿ. ಹೆಸರು ಯಾರದು, ಪ್ಯಾಕೇಜ್ ಪಾಲಿಸಿಯೇ, ಓನ್ ಡ್ಯಾಮೇಜ್ ಎಂದಿಗೆ ಮುಗಿಯುತ್ತದೆ, ಯಾರ ಡಿಎಲ್ ಎಂದಿಗೆ ಮುಗಿಯುತ್ತದೆ ಎಂದು ಗಟ್ಟಿಯಾಗಿ ಓದಿ, ತಾರೀಖುಗಳನ್ನು ಎಲ್ಲರ ಮೊಬೈಲಿನಲ್ಲೂ ಹಾಕಿಕೊಳ್ಳಿ. ನಾಮಿನಿ ಸೇರಿಸುವ ಕೆಲಸ ತಮ್ಮನದಾಗಲಿ. ಮಗಳೇ, ನಿಮ್ಮಿಬ್ಬರ ಹೆಸರಿನ ಅಪಘಾತ ವಿಮೆಯನ್ನು ನೀನು ಆ ವಾರವೇ ಮಾಡಿಸು. ಮಾಡಿಸಿದ ಮೇಲೆ ಪಾಲಿಸಿಯ ಪ್ರತಿಯನ್ನು ನನಗೂ ಕಳಿಸು, ಒಮ್ಮೆ ಓದಿ ನೋಡುತ್ತೇನೆ.

ನಿಮ್ಮ ದೊಡ್ಡಪ್ಪ